ಮೆಟ್ಟಿಲು ಮತ್ತು ಮೇಳ

ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಮನೆಗಳಲ್ಲಿ ಹಿಂದೂಸ್ಥಾನಿ ಸಂಗೀತಕ್ಕೆ ಆದರವು ಹೆಚ್ಚು. ಉತ್ತರ ಕನ್ನಡವು 1862ರಲ್ಲಿ ಮುಂಬಯಿ ಇಲಾಖೆಗೆ ಸೇರಿ 1956ರವರೆಗೂ ಆ ಆಡಳಿತದಲ್ಲಿದ್ದುದು ಈ ಒಲವಿಗೆ ಒಂದು ಕಾರಣವೆನ್ನಬಹುದು. ಆದುದರಿಂದ ಸಿತಾರವು ನಮ್ಮದು, ವೀಣೆಯು ಮೈಸೂರು ಸೀಮೆಯದು ಎಂಬ ಭಾವನೆಯು ಇಲ್ಲಿ ಸಹಜವಾಗಿ ಮೂಡುವುದುಂಟು. ಸಿತಾರದ ಮೆಟ್ಟಿಲುಗಳನ್ನು ದಾರದಿಂದ ಬಿಗಿದಿರುವರು. ರಾಗಕ್ಕೆ ತಕ್ಕಂತೆ ಅವನ್ನು ಸರಿಸಬಹುದು. ವೀಣೆಯ ಮೆಟ್ಟಿಲುಗಳಾದರೋ ಮೇಣದಲ್ಲಿ ಅಚಲವಾಗಿ ನಿಂತಿರುವುವು. ಆದರೆ ಈ ಎರಡು ತತ್ತ್ವಗಳೂ ವಿಜಯನಗರದಲ್ಲಿ ಹುಟ್ಟಿದ ಒಂದೇ ಗ್ರಂಥದಲ್ಲಿ ಅಕ್ಕಪಕ್ಕದಲ್ಲಿ ನಿರೂಪಿತವಾಗಿವೆ.

ಅಳಿಯ ರಾಮರಾಯನ ಆಶ್ರಯದಲ್ಲಿದ್ದ ರಾಮಾಮಾತ್ಯನು 1550ರಲ್ಲಿ ‘ಸ್ವರಮೇಳಕಲಾನಿಧಿ’ಯನ್ನು ಸಂಸ್ಕೃತದಲ್ಲಿ ರಚಿಸಿದನು. ಅದರಲ್ಲಿ ಏಕರಾಗಮೇಳ ವೀಣೆ, ಸರ್ವರಾಗಮೇಳ ವೀಣೆ ಎಂಬ ಭೇದವುಂಟು. ಮೊದಲನೆಯದರಲ್ಲಿ ನುಡಿಸುವ ರಾಗದ ಸ್ವರಗಳಿಗೆ ಮಾತ್ರ ಮೆಟ್ಟಿಲುಗಳು. ರಾಗವು ಬದಲಾದರೆ ಮೆಟ್ಟಿಲೂ ಸರಿಯಬೇಕು. ಎರಡನೆಯದರಲ್ಲಿ ಎಲ್ಲ ಸ್ವರಗಳಿಗೂ ನೆಲೆಯುಂಟು. ಅಲ್ಲಿ ಯಾವುದನ್ನು ಮೆಟ್ಟಬೇಕು, ಯಾವುದನ್ನು ದಾಟಬೇಕು ಎಂಬುದನ್ನು ಬೆರಳೇ ಅರಿತಿರಬೇಕು. ಹೀಗೆ ರಾಗದ ಹೊಣೆಯು ದಂಡಿಯಿಂದ ಕೈಗೆ ಬಂದಿತು.

1565ರಲ್ಲಿ ವಿಜಯನಗರವು ಹಾಳಾದ ಬಳಿಕ ಈ ವಿದ್ಯೆಗೆ ತಂಜಾವೂರು ಆಸರೆಯಾಯಿತು. ಸ್ಥಾಯಿಯೊಂದಕ್ಕೆ 12ರಂತೆ 24 ಮೆಟ್ಟಿಲುಗಳ ವೀಣೆಯು ಅಲ್ಲಿನ ರಘುನಾಥ ನಾಯಕನ ಕಾಲದಲ್ಲಿ ನೆಲೆಗೊಂಡಿತೆಂದು ಪ್ರತೀತಿ. ಅವನ ಮಂತ್ರಿ ಗೋವಿಂದ ದೀಕ್ಷಿತನು ಕನ್ನಡ ಮೂಲದವನು. ಆತನ ಮಗ ವೆಂಕಟಮಖಿಯು ‘ಚತುರ್ದಂಡೀ ಪ್ರಕಾಶಿಕೆ’ಯಲ್ಲಿ ರಾಮಾಮಾತ್ಯನನ್ನು ಕಟುವಾಗಿ ಖಂಡಿಸಿದನು, ಆದರೂ ಮೇಳಗಳ ವಿಚಾರವನ್ನೇ ಮುಂದುವರಿಸಿದನು. ರಿ-ಗಗಳ 6 ಜೋಡಿ, ಧ-ನಿಗಳ 6 ಜೋಡಿ, ಮಧ್ಯಮಗಳು 2. ಗುಣಿಸಿದರೆ 72 ಮೇಳಗಳು.

ಕಲಿಯುವವರಿಗೆ ಇದರ ಫಲವು ಮೊದಲ ಪಾಠದಲ್ಲಿಯೇ ಕಾಣುವುದು. ಸರಳೆಗಳಿಗೆ ಪುರಂದರದಾಸರು ಆರಿಸಿದರೆನ್ನುವ ಮಾಯಾಮಾಳವಗೌಳವನ್ನು ನೋಡಬಹುದು. ಬಿಟ್ಟ ತಂತಿಯು ಷಡ್ಜ. ಮುಂದಿನ ಸ್ವರಗಳು ಕ್ರಮವಾಗಿ 1, 4, 5, 7, 8, 11, 12ನೆಯ ಮೆಟ್ಟಿಲುಗಳಲ್ಲಿವೆ. ಷಡ್ಜದಿಂದ ಮಧ್ಯಮದವರೆಗೆ ಇರುವ ಅಂತರಗಳೇ ಪಂಚಮದಿಂದ ತಾರಷಡ್ಜದವರೆಗೂ ಇವೆ. ಒಂದರ್ಧವನ್ನು ಕಲಿತ ಕೈಗೆ ಇನ್ನೊಂದರ್ಧವು ತಾನಾಗಿ ಒದಗುವುದು. ಪಾಶ್ಚಾತ್ಯ ಮ್ಯಾಂಡೊಲಿನ್‌ನಲ್ಲಿಯೂ ಇದೇ ಸೌಲಭ್ಯವುಂಟು. ಅದರ ಪ್ರತಿ ಜೋಡಿತಂತಿಯು ಹಿಂದಿನದಕ್ಕೆ ಪಂಚಮವಾದುದರಿಂದ, 7ನೆಯ ಮೆಟ್ಟಿಲಿನ ಸ್ವರವು ಮುಂದಿನ ತಂತಿಯನ್ನು ಬಿಟ್ಟು ಮೀಟಿದಾಗಲೇ ದೊರೆಯುವುದು. ಬೆರಳಿನ ನಡೆಯು ಬದಲಾಗದು.

ಅಚಲವಾದ ಮೆಟ್ಟಿಲಿನಿಂದ ಒಂದು ನಷ್ಟವೂ ಆಯಿತು. ರಾಗರಾಗಕ್ಕೂ ಸ್ವರದಲ್ಲಿ ತೋರುವ ನವುರಾದ ಏರಿಳಿತವನ್ನು ಅದು ಕೊಡಲಾರದು. ತಂತಿಯನ್ನು ಎಳೆದು ನುಡಿಸುವ ಗಮಕದಿಂದ ಬೆರಳೇ ಅದನ್ನು ತುಂಬಿಕೊಡಬೇಕು. ಸಿತಾರದಲ್ಲಿ ಮೆಟ್ಟಿಲು ಸರಿದರೂ ಮೀಂಡಿಗೆ ತಂತಿಯನ್ನು ಎಳೆಯಲೇಬೇಕು. ಮೆಟ್ಟಿಲು ದಾರದಲ್ಲಿರಲಿ, ಮೇಣದಲ್ಲಿರಲಿ, ಅದು ಸ್ವರದ ಸ್ಥಾನವನ್ನು ಮಾತ್ರ ತೋರುವುದು. ರಾಗವನ್ನು ಕಿವಿಯೂ ಬೆರಳೂ ಕೂಡಿ ಸಾಧಿಸಬೇಕು.