ಮೂತ್ರ ಹೇಳಿದ ಅಂಡಾಶಯದ ಕಥೆ: ಒಂದು ರೋಗನಿರ್ಣಯದ ಚಾರಿತ್ರಿಕ ಅಧ್ಯಯನ

ನಲವತ್ತು ತುಂಬುವ ಮೊದಲೇ ಅಂಡಾಶಯದ ಕೆಲಸ ಕುಗ್ಗುವ ಸ್ಥಿತಿಯನ್ನು ಇಂದು ರಕ್ತಪರೀಕ್ಷೆಯಿಂದ ಗುರುತಿಸುತ್ತಾರೆ. ಆದರೆ ಇದನ್ನು ಪ್ರತ್ಯೇಕ ಕಾಯಿಲೆಯೆಂದು ಬೇರ್ಪಡಿಸಿದ್ದು ಮೂತ್ರಪರೀಕ್ಷೆ. ದೋಷವಿರುವುದು ಅಂಡಾಶಯದಲ್ಲೋ ಅದನ್ನು ನಡೆಸುವ ಪಿಟ್ಯುಟರಿ ಗ್ರಂಥಿಯಲ್ಲೋ ಎಂಬ ಪ್ರಶ್ನೆಗೆ ಮೊದಲ ಉತ್ತರ ಅಲ್ಲಿಂದಲೇ ಬಂತು.

1927-28ರಲ್ಲಿ ಬರ್ಲಿನ್ನಿನ ಸೆಲ್ಮಾರ್ ಆಶ್‌ಹೈಮ್ ಮತ್ತು ಬರ್ನ್‌ಹಾರ್ಡ್ ಝೋಂಡೆಕ್ ಗರ್ಭಿಣಿಯರ ಮೂತ್ರವನ್ನು ಎಳೆಯ ಹೆಣ್ಣಿಲಿಗಳಿಗೆ ಚುಚ್ಚಿ, ಅವುಗಳ ಅಂಡಾಶಯ ಪ್ರಚೋದನೆಗೊಳ್ಳುವುದನ್ನು ತೋರಿಸಿದರು. ಮುಟ್ಟು ನಿಂತವರ ಮತ್ತು ಅಂಡಾಶಯ ತೆಗೆಸಿಕೊಂಡವರ ಮೂತ್ರದಲ್ಲೂ ಗೊನಾಡೊಟ್ರೊಪಿನ್, ಅಂದರೆ ಅಂಡಾಶಯವನ್ನು ಪ್ರಚೋದಿಸುವ ಹಾರ್ಮೋನು, ಹೇರಳವಾಗಿರುವುದನ್ನು ಝೋಂಡೆಕ್ ಮುಂದೆ ಗಮನಿಸಿದರು. ಅಂಡಾಶಯ ಸೋತಂತೆಲ್ಲ ಪಿಟ್ಯುಟರಿ ದನಿ ಏರಿಸುತ್ತದೆ. ಆದ್ದರಿಂದ ಇಲ್ಲಿ ಕೊರತೆಯ ಗುರುತು ಏರಿಕೆಯೇ.

ಇದರ ಫಲ 1942ರಲ್ಲಿ ಕಂಡಿತು. ಹೆನ್ರಿ ಟರ್ನರ್ 1938ರಲ್ಲಿ ವರ್ಣಿಸಿದ್ದ, ಎತ್ತರ ಕುಂಠಿತಗೊಂಡ, ಪ್ರೌಢಾವಸ್ಥೆಯ ಲಕ್ಷಣಗಳು ಮೂಡದ ಯುವತಿಯರಲ್ಲಿ ಪಿಟ್ಯುಟರಿಯದೇ ದೋಷವೆಂಬ ಊಹೆಯಿತ್ತು. ಬಾಸ್ಟನ್ನಿನ ಫುಲ್ಲರ್ ಆಲ್‌ಬ್ರೈಟ್ ಮತ್ತು ಸಂಗಡಿಗರು ಅಂಥವರ ಮೂತ್ರದಲ್ಲಿ ಪಿಟ್ಯುಟರಿಯ ಗೊನಾಡೊಟ್ರೊಪಿನ್‌ಗಳಲ್ಲೊಂದಾದ ಎಫ್‌ಎಸ್‌ಎಚ್ ಮಟ್ಟ ಹೆಚ್ಚಿರುವುದನ್ನು ಕಂಡರು. ಪಿಟ್ಯುಟರಿ ಕೆಟ್ಟಿದ್ದರೆ ಅದು ತಗ್ಗಬೇಕಿತ್ತು. ಹೀಗಾಗಿ ಅವರು ಮೂಲದೋಷವನ್ನು ಅಂಡಾಶಯಕ್ಕೆ ಹೊರಿಸಿ, ‘ಪ್ರಾಥಮಿಕ ಅಂಡಾಶಯ ಕೊರತೆ’ ಎಂಬ ಪರಿಕಲ್ಪನೆಯನ್ನು ಮುಂದಿಟ್ಟರು. ಅದೇ ವರ್ಷ ವಾರ್ನಿ, ಕೆನ್ಯನ್ ಮತ್ತು ಕೋಖ್ ಕೂಡ ಸ್ವತಂತ್ರವಾಗಿ ಇದೇ ಏರಿಕೆಯನ್ನು ವರದಿ ಮಾಡಿದರು.

ಆ ಪರೀಕ್ಷೆ ಸುಲಭದ್ದಾಗಿರಲಿಲ್ಲ. ಇಪ್ಪತ್ನಾಲ್ಕು ತಾಸಿನ ಮೂತ್ರ ಕೂಡಿಟ್ಟು, ಸಾರ ತೆಗೆದು, ಎಳೆಯ ಇಲಿಗಳಿಗೆ ಕೊಟ್ಟು, ಗರ್ಭಕೋಶದ ಬೆಳವಣಿಗೆಯಿಂದ ಹಾರ್ಮೋನಿನ ಪ್ರಮಾಣವನ್ನು ಲೆಕ್ಕ ಹಾಕಬೇಕಿತ್ತು. ಅಂಡಾಶಯವೇ ಸ್ರವಿಸುವ ಈಸ್ಟ್ರೊಜೆನ್‌ಗಳನ್ನು ಮೂತ್ರದಲ್ಲಿ ಅಳೆಯಲು ಜೇಮ್ಸ್ ಬ್ರೌನ್ 1955ರಲ್ಲಿ ಎಡಿನ್‌ಬರೋದಲ್ಲಿ ನಂಬಲರ್ಹ ರಾಸಾಯನಿಕ ವಿಧಾನವನ್ನು ಪ್ರಕಟಿಸಿದರು. ಯಾಲೋ ಮತ್ತು ಬರ್ಸನ್ ರೂಪಿಸಿದ ರೇಡಿಯೋಇಮ್ಯುನೋಅಸ್ಸೇ ಎಂಬ ಅಳತೆಯ ವಿಧಾನ 1960ರ ದಶಕದಲ್ಲಿ ಗೊನಾಡೊಟ್ರೊಪಿನ್‌ಗಳಿಗೂ ಬಳಕೆಯಾದ ಮೇಲೆ, ರಕ್ತದ ಒಂದು ಚಿಕ್ಕ ಮಾದರಿಯೇ ಸಾಕಾಯಿತು. ಮೂತ್ರ ಹಿಂದೆ ಸರಿಯಿತು.

ಯುರೋಪಿನ ಎಶ್ರೆ ಸಂಸ್ಥೆಯ 2016ರ ಮಾರ್ಗಸೂಚಿ, ಈ ರೋಗನಿರ್ಣಯಕ್ಕೆ ಕನಿಷ್ಠ ನಾಲ್ಕು ತಿಂಗಳು ಮುಟ್ಟು ನಿಂತ ಅಥವಾ ವಿರಳವಾದ ಮಹಿಳೆಯ ರಕ್ತದಲ್ಲಿ ನಾಲ್ಕು ವಾರಗಳಿಗೂ ಹೆಚ್ಚಿನ ಅಂತರದಲ್ಲಿ ಎರಡು ಸಲ ಎಫ್‌ಎಸ್‌ಎಚ್ ಲೀಟರಿಗೆ 25 ಯೂನಿಟ್ ಮೀರಿರಬೇಕೆಂದಿತು. ಎರಡನೆಯ ಪರೀಕ್ಷೆಗೆ ಕಾರಣವಿತ್ತು: ಈ ಕಾಯಿಲೆಯಲ್ಲಿ ಅಂಡಾಶಯ ಆಗಾಗ ಮರಳಿ ಕೆಲಸ ಮಾಡುವುದುಂಟು, ಅದರೊಡನೆ ಎಫ್‌ಎಸ್‌ಎಚ್ ಕೂಡ ಏರಿಳಿಯುತ್ತದೆ.

ಮೂತ್ರದ ಉಪಯೋಗ ಇಲ್ಲಿದೆ. ರಕ್ತ ಒಂದು ಕ್ಷಣದ ಮಟ್ಟವನ್ನು ತೋರಿಸಿದರೆ, ಮೂತ್ರ ಹಲವು ತಾಸುಗಳ ಸ್ರಾವವನ್ನು ಒಟ್ಟುಗೂಡಿಸುತ್ತದೆ. ಸೂಜಿಯಿಲ್ಲದೆ ದಿನವೂ ಸಂಗ್ರಹಿಸಬಹುದು. ಅಮೆರಿಕದ ‘ಸ್ವಾನ್’ ಅಧ್ಯಯನ, ಸಹಜ ಋತುಬಂಧದತ್ತ ಸಾಗುವ ಮಹಿಳೆಯರ ಹಾರ್ಮೋನುಗಳನ್ನು ದಿನನಿತ್ಯದ ಬೆಳಗಿನ ಮೂತ್ರದಿಂದಲೇ ಹಿಂಬಾಲಿಸಿತು. ಕುಡಿದ ನೀರಿನಂತೆ ಮೂತ್ರದ ಸಾಂದ್ರತೆ ಬದಲಾಗುವುದರಿಂದ ಮೂತ್ರದಲ್ಲಿನ ಕ್ರಿಯಾಟಿನಿನ್ ಎಂಬ ತ್ಯಾಜ್ಯದ ಹೋಲಿಕೆಯಲ್ಲಿ ಫಲಿತಾಂಶವನ್ನು ಸರಿಹೊಂದಿಸುವುದು ರೂಢಿ. ಆದರೆ ಅಂಗಡಿಯಲ್ಲಿ ಸಿಗುವ, ಮೂತ್ರದಲ್ಲಿ ಅದ್ದುವ ಎಫ್‌ಎಸ್‌ಎಚ್ ಪಟ್ಟಿಯ ಒಂದು ಗೆರೆ ರೋಗನಿರ್ಣಯವಾಗದು. ರೋಗದ ಹೆಸರನ್ನು ಖಚಿತಪಡಿಸಲು ರಕ್ತವೇ ಬೇಕು. ಅಂಡಾಶಯದ ಏರಿಳಿತವನ್ನು ವಾರಗಟ್ಟಲೆ ಅರಿಯಲು ಮಾತ್ರ ಝೋಂಡೆಕ್ ಆರಿಸಿಕೊಂಡ ಮಾಧ್ಯಮವೇ ಇಂದಿಗೂ ಅನುಕೂಲ.