ಎತ್ತುವ ಎಂಜಿನ್‌ಗಳು: ಬ್ರಿಟಿಷ್ ರೈಲ್ವೆಗಳ ಉಗಿ ಕ್ರೇನ್ ಲೋಕೋಮೋಟಿವ್‌ಗಳ ಚರಿತ್ರೆ

ರೈಲ್ವೆಯ ಚರಿತ್ರೆಯನ್ನು ವೇಗದ ಚರಿತ್ರೆಯಾಗಿ ಬರೆಯುವುದು ವಾಡಿಕೆ. ಪ್ರಯಾಣಿಕರ ಕಣ್ಣಿಗೆ ಬೀಳದೆ ಕಾರ್ಯಾಗಾರದ ಅಂಗಳದಲ್ಲಿಯೇ ಆಯುಷ್ಯ ಕಳೆದ ಯಂತ್ರಗಳಿಗೆ ಅಂತಹ ಬರವಣಿಗೆಯಲ್ಲಿ ಸ್ಥಾನ ದೊರೆಯುವುದು ವಿರಳ. ಉಗಿ ಕ್ರೇನ್ ಲೋಕೋಮೋಟಿವ್ ಇವುಗಳಲ್ಲೊಂದು.

ಅಪಘಾತ ಸ್ಥಳಗಳಿಗೆ ಒಯ್ಯುತ್ತಿದ್ದ ಉಗಿ ಕ್ರೇನಿಗೆ ತನ್ನದೇ ಬಾಯ್ಲರ್ ಇದ್ದರೂ ದೂರ ಸಾಗಿಸಲು ಬೇರೊಂದು ಎಂಜಿನ್ ಬೇಕಾಗುತ್ತಿತ್ತು. ಕ್ರೇನ್ ಲೋಕೋಮೋಟಿವಿನಲ್ಲಾದರೋ ಒಂದೇ ಬಾಯ್ಲರಿನ ಉಗಿಯಿಂದ ಚಕ್ರಗಳೂ ಭಾರ ಎತ್ತುವ ತೋಳೂ ನಡೆಯುತ್ತಿದ್ದವು. ಬಿಡಿಭಾಗವನ್ನು ಎತ್ತಿ, ಸಾಗಿಸಿ, ಇಳಿಸುವ ಮೂರೂ ಕೆಲಸಗಳು ಒಂದೇ ಯಂತ್ರದಿಂದ ನೆರವೇರುತ್ತಿದ್ದವು. ಆದರೆ ತೋಳು ಹೊರಚಾಚಿದಷ್ಟೂ ಎಂಜಿನ್ ಮಗುಚುವ ಅಪಾಯ ಹೆಚ್ಚುತ್ತಿದ್ದುದರಿಂದ ಎತ್ತಬಹುದಾದ ಭಾರ ಮಿತವಾಗಿಯೇ ಉಳಿಯಿತು. ಈ ಮಿತಿಯೇ ಅದನ್ನು ಮುಖ್ಯಮಾರ್ಗದಿಂದ ದೂರವಿರಿಸಿ ಕಾರ್ಯಾಗಾರಗಳಿಗೆ ಸೀಮಿತಗೊಳಿಸಿತು.

ಲಂಡನ್ನಿನ ಬೋ ಕಾರ್ಯಾಗಾರದ ಎಂಜಿನ್ ಇದಕ್ಕೆ ಉತ್ತಮ ನಿದರ್ಶನ. ಶಾರ್ಪ್ ಸ್ಟೀವರ್ಟ್ ಸಂಸ್ಥೆ 1858ರಲ್ಲಿ ನಿರ್ಮಿಸಿದ ಈ ಸಣ್ಣ ಎಂಜಿನಿಗೆ ನಾರ್ತ್ ಲಂಡನ್ ರೈಲ್ವೆಯು 1872ರಲ್ಲಿ ಹಿಂಬದಿಯ ಚಕ್ರಗಳನ್ನೂ ಕ್ರೇನನ್ನೂ ಜೋಡಿಸಿತು. 1923ರ ಕಂಪನಿಗಳ ವಿಲೀನ, 1948ರ ರಾಷ್ಟ್ರೀಕರಣಗಳೆರಡನ್ನೂ ದಾಟಿದ ಅದು 58865 ಎಂಬ ಸಂಖ್ಯೆ ಪಡೆದು 1951ರವರೆಗೂ ಬಳಕೆಯಲ್ಲಿತ್ತು. ಒಡೆತನ ಬದಲಾದರೂ ಕೆಲಸ ಬದಲಾಗದಿದ್ದುದೇ ಈ 93 ವರ್ಷಗಳ ಬಾಳಿಕೆಗೆ ಕಾರಣವೆನ್ನಬಹುದು.

ಇದಕ್ಕೆ ವ್ಯತಿರಿಕ್ತವಾದುದು ಗ್ರೇಟ್ ವೆಸ್ಟರ್ನ್ ರೈಲ್ವೆಯ ಅನುಭವ. ಸ್ವಿಂಡನ್ ಕಾರ್ಯಾಗಾರವು 1901ರಲ್ಲಿ ಗ್ರೀಕ್ ಪುರಾಣದ ಒಕ್ಕಣ್ಣ ದೈತ್ಯರ ನೆನಪಿನಲ್ಲಿ ‘ಸೈಕ್ಲಾಪ್ಸ್’ ಎಂದು ಹೆಸರಿಸಿದ ಕ್ರೇನ್ ಎಂಜಿನ್ 1936ರಲ್ಲಿಯೇ ಸೇವೆಯಿಂದ ಹಿಂದೆ ಸರಿಯಿತು.

ಈ ಪರಂಪರೆ ಅತಿ ದೀರ್ಘಕಾಲ ಉಳಿದುದು ರೈಲ್ವೆ ಕಂಪನಿಗಳ ಹೊರಗೆ. ಸಂಡರ್‌ಲೆಂಡಿನ ಪ್ಯಾಲಿಯನ್‌ನಲ್ಲಿದ್ದ ಡಾಕ್ಸ್‌ಫರ್ಡ್ ಹಡಗುಕಟ್ಟೆಯಲ್ಲಿ ‘ರೋಕರ್’, ‘ಹೆಂಡನ್’, ‘ಸೌತ್‌ವಿಕ್’ ಮುಂತಾದ ಕ್ರೇನ್ ಎಂಜಿನ್‌ಗಳು ಉಕ್ಕಿನ ತಗಡುಗಳನ್ನು ಎತ್ತಿ ಒಯ್ಯುತ್ತಿದ್ದವು. ಬ್ರಿಟಿಷ್ ರೈಲ್ವೆಯ ಮುಖ್ಯಮಾರ್ಗಗಳಲ್ಲಿ 1968ರಲ್ಲಿ ಉಗಿಯ ಯುಗ ಮುಗಿದ ಮೇಲೂ ಇಲ್ಲಿನ ದುಡಿಮೆ 1971ರವರೆಗೆ ಸಾಗಿತು.

ಯಂತ್ರವೊಂದರ ಮಹತ್ವವನ್ನು ಅದು ಓಡಿದ ವೇಗದಿಂದ ಮಾತ್ರ ಅಳೆದರೆ ಈ ದುಡಿಮೆ ಲೆಕ್ಕಕ್ಕೇ ಬರುವುದಿಲ್ಲ. ವೇಗದ ಎಂಜಿನ್‌ಗಳನ್ನು ಕಟ್ಟಿ, ದುರಸ್ತಿಗೊಳಿಸಿ ಮತ್ತೆ ಹಳಿಗಿಳಿಸಿದ ಕಾರ್ಯಾಗಾರಗಳ ಶ್ರಮವನ್ನು ಒಳಗೊಳ್ಳದ ರೈಲ್ವೆ ಚರಿತ್ರೆ ಅಪೂರ್ಣವೆಂಬುದನ್ನು ಈ ಎಂಜಿನ್‌ಗಳು ಸ್ಪಷ್ಟಪಡಿಸುತ್ತವೆ.