ಉಗಿಯ ಪಂಡಿತರೂ ಹವೆಯ ಪಂಡಿತರೂ

1938ನೆಯ ಇಸವಿಯ ಫೆಬ್ರವರಿ 16ರಂದು ಲಂಡನ್ನಿನ ರಾಯಲ್ ಹವಾಶಾಸ್ತ್ರ ಸಂಘದ ಮುಂದೆ ಒಂದು ಪ್ರಬಂಧವನ್ನು ಮಂಡಿಸಿದ ಗೈ ಸ್ಟೂವರ್ಟ್ ಕ್ಯಾಲೆಂಡರರು ಹವಾಶಾಸ್ತ್ರಜ್ಞರಾಗಿರಲಿಲ್ಲ. ಉಗಿಯ ಒತ್ತಡ ಉಷ್ಣತೆಗಳ ಗಣಿತದಲ್ಲಿ ಪಳಗಿದ ಎಂಜಿನಿಯರಾಗಿದ್ದರು. ವೃತ್ತಿಯ ದುಡಿಮೆ ತೀರಿದ ಮೇಲೆ ಉಳಿದ ಬಿಡುವಿನಲ್ಲಿ, ಭೂಮಂಡಲದ ಸುಮಾರು 200 ವೀಕ್ಷಣಾಲಯಗಳ ಉಷ್ಣಮಾನದ ದಾಖಲೆಗಳನ್ನು ಸಂಗ್ರಹಿಸಿ ಕೈಯಿಂದಲೇ ಲೆಕ್ಕಹಾಕಿ ಅವರು ಕಂಡುಕೊಂಡ ನಿರ್ಣಯ ಇಷ್ಟು: ಹಿಂದಿನ ಅರ್ಧ ಶತಮಾನದಲ್ಲಿ ಮಾನವನು ಇಂಧನವನ್ನು ಸುಟ್ಟು 15,000 ಕೋಟಿ ಟನ್ನುಗಳಷ್ಟು ಇಂಗಾಲಾಮ್ಲ ವಾಯುವನ್ನು (ಕಾರ್ಬನ್ ಡೈಆಕ್ಸೈಡನ್ನು) ಆಕಾಶಕ್ಕೆ ಸೇರಿಸಿದ್ದಾನೆ, ಅದರ ಮುಕ್ಕಾಲು ಪಾಲು ಅಲ್ಲಿಯೇ ನಿಂತಿದೆ, ಭೂಮಿ ವರ್ಷಕ್ಕೆ 0.005 ಡಿಗ್ರಿಯಂತೆ ಬಿಸಿಯಾಗುತ್ತಿದೆ, ಅದರಲ್ಲಿ 0.003 ಡಿಗ್ರಿ ಈ ವಾಯುವಿನ ಫಲ.

ವಿಚಾರವೇನೋ ಹೊಸದಲ್ಲ. ಸೂರ್ಯನ ಬೆಳಕನ್ನು ಒಳಬಿಟ್ಟು ಭೂಮಿಯಿಂದ ಹೊರಡುವ ಶಾಖವನ್ನು ಮಾತ್ರ ತಡೆಹಿಡಿಯುವ ಗುಣ ನೀರಾವಿಗೂ ಇಂಗಾಲಾಮ್ಲಕ್ಕೂ ಉಂಟೆಂಬುದನ್ನು ಜಾನ್ ಟಿಂಡಲರು 1859ರಲ್ಲಿಯೇ ಪ್ರಯೋಗದಿಂದ ತೋರಿಸಿದ್ದರು. ಈ ವಾಯು ಇಮ್ಮಡಿಯಾದರೆ ಭೂಮಿಯ ಉಷ್ಣತೆ 5-6 ಡಿಗ್ರಿ ಏರುವುದೆಂದು ಸ್ವೀಡನ್ನಿನ ಆರೇನಿಯಸರು 1896ರಲ್ಲಿ ಗಣಿಸಿದ್ದರು. ಆದರೆ ಅದೇ ದೇಶದ ಕ್ನುಟ್ ಆಂಗ್‌ಸ್ಟ್ರಾಮರು 1900ರಲ್ಲಿ, ನಾಳದಲ್ಲಿ ತುಂಬಿದ ವಾಯುವಿನ ಪ್ರಮಾಣವನ್ನು ತಗ್ಗಿಸಿದರೂ ಅದು ಹೀರುವ ಶಾಖದಲ್ಲಿ ಹೇಳಿಕೊಳ್ಳುವಷ್ಟು ವ್ಯತ್ಯಾಸ ಕಾಣದೆಂಬ ಪ್ರಯೋಗವನ್ನು ಮುಂದಿಟ್ಟರು. ಹೀರಬೇಕಾದುದನ್ನೆಲ್ಲ ಈಗಾಗಲೇ ಹೀರಿರುವ ವಾಯು ಇನ್ನಷ್ಟು ಸೇರಿದರೇನು, ಬಿಟ್ಟರೇನು ಎಂಬ ಈ ಆಕ್ಷೇಪ ಬಹುಕಾಲ ವಿದ್ವಾಂಸರ ಬಾಯನ್ನು ಕಟ್ಟಿದ್ದಿತು. ನಾಳದೊಳಗಿನ ಗಾಳಿ ಒಂದೇ ಪದರ, ವಾಯುಮಂಡಲವಾದರೋ ಪದರದ ಮೇಲೆ ಪದರ, ಮೇಲೇರಿದಂತೆಲ್ಲ ತೆಳುವಾಗುತ್ತ ತಣ್ಣಗಾಗುತ್ತ ಹೋಗುವಂಥದು ಎಂಬ ಭೇದವನ್ನು ಆ ಆಕ್ಷೇಪ ಗಮನಿಸಲಿಲ್ಲ. ವಾಯು ಹೆಚ್ಚಿದಂತೆ ಶಾಖವು ಕಡೆಗೆ ಬಾಹ್ಯಾಕಾಶಕ್ಕೆ ಬಿಡುಗಡೆಯಾಗುವ ಪದರ ಇನ್ನೂ ಎತ್ತರಕ್ಕೆ, ಇನ್ನೂ ಶೀತಲವಾದ ಸ್ಥಾನಕ್ಕೆ ಸರಿಯುತ್ತದೆ. ಶೀತಲವಾದುದು ಕಡಮೆ ಶಾಖವನ್ನು ಹೊರಸೂಸುತ್ತದೆಯಾದುದರಿಂದ ಮಿಕ್ಕುದು ಕೆಳಗೆ ಉಳಿಯುತ್ತದೆ.

ಕ್ಯಾಲೆಂಡರರ ಪ್ರಬಂಧವನ್ನು ಕೇಳಿದ ಸಭೆಯಲ್ಲಿದ್ದವರು ಸಾಮಾನ್ಯರಲ್ಲ. ಬ್ರಿಟಿಷ್ ಹವಾಮಾನ ಇಲಾಖೆಯ ನಿರ್ದೇಶಕರಾಗಿದ್ದ ಸರ್ ಜಾರ್ಜ್ ಸಿಂಪ್ಸನ್ನರು, ನಮ್ಮ ಸಿಮ್ಲಾದಲ್ಲಿ ಬಹುವರ್ಷ ಭಾರತದ ಹವಾಮಾನ ಇಲಾಖೆಯ ಸೇವೆಯಲ್ಲಿದ್ದು ಗುಡುಗುಮಳೆಯ ವಿದ್ಯುತ್ತನ್ನು ಅಭ್ಯಸಿಸಿದವರು. ಉಷ್ಣತೆಯ ಏರಿಕೆ ಆಕಸ್ಮಿಕವಿರಬಹುದೆಂದೂ, ಗಾಳಿಯ ಚಲನೆಯನ್ನು ಬಿಟ್ಟು ಕೇವಲ ಶಾಖಕಿರಣಗಳ ಲೆಕ್ಕದಿಂದ ವಾಯುಮಂಡಲದ ಸಮಸ್ಯೆ ಬಗೆಹರಿಯದೆಂದೂ, ಹವಾಶಾಸ್ತ್ರಕ್ಕೆ ಹೊರಗಿನವರು ಇದನ್ನು ಅರಿಯರೆಂದೂ ಅವರು ನುಡಿದರು. ಹಳೆಯ ಅಳತೆಗಳು ನಂಬಲರ್ಹವೇ ಎಂಬ ಸಂದೇಹವೂ ಎದ್ದಿತು. ಅಳತೆಯನ್ನು ಕುರಿತ ಸಂದೇಹ ನ್ಯಾಯವಾದುದು, ಗಾಳಿಯ ಚಲನೆಯ ಪ್ರಶ್ನೆ ಗಂಭೀರವಾದುದು. ಹೇಳಿದವನು ಹೊರಗಿನವನೆಂಬ ಮಾತು ಮಾತ್ರ ಯಾವ ಲೆಕ್ಕಕ್ಕೂ ಉತ್ತರವಾಗಲಾರದು.

ಭೂಮಿ ಬಿಸಿಯಾಗುವುದರ ಅಪಾಯದ ವಿಷಯದಲ್ಲಿಯಾದರೋ ಕ್ಯಾಲೆಂಡರರೇ ಎಡವಿದರು. ಈ ತಾಪದಿಂದ ಉತ್ತರದ ಶೀತಪ್ರದೇಶಗಳಲ್ಲಿ ಬೆಳೆ ಹುಲುಸಾಗುವುದೆಂದೂ ಹಿಮಯುಗದ ಮರಳುವಿಕೆ ಮುಂದೆ ಹೋಗುವುದೆಂದೂ ಅವರು ಹರ್ಷಪಟ್ಟಿದ್ದರು. ಮಾಗಿಯ ಚಳಿಗೆ ನಡುಗುವ ನಾಡಿನಲ್ಲಿ ಕುಳಿತವರಿಗೆ ಬಿಸಿ ವರವಾಗಿ ತೋರಿದ್ದು ಸಹಜ. ಚೈತ್ರ ವೈಶಾಖಗಳಲ್ಲಿ ಬಾವಿ ಬತ್ತುವ ಸೀಮೆಯವರನ್ನು ಆ ಲೆಕ್ಕದಲ್ಲಿ ಯಾರೂ ಕೇಳಲಿಲ್ಲವೆಂಬುದು ನನ್ನನ್ನು ಇಂದಿಗೂ ನೋಯಿಸುತ್ತದೆ.

ಇಂಗಾಲಾಮ್ಲದ ಅಳತೆಯನ್ನು ಕುರಿತ ಸಂದೇಹವನ್ನು ಪರಿಹರಿಸಿದವರು ಚಾರ್ಲ್ಸ್ ಕೀಲಿಂಗರು. ಹವಾಯಿಯ ಮೌನಾ ಲೋವಾ ಪರ್ವತದಲ್ಲಿ 1958ರ ಮಾರ್ಚಿನಲ್ಲಿ ಅವರು ಆರಂಭಿಸಿದ ನಿತ್ಯಮಾಪನ, ಗಾಳಿಯಲ್ಲಿ ಈ ವಾಯು ಹತ್ತು ಲಕ್ಷಕ್ಕೆ ಸುಮಾರು 313 ಪಾಲೆಂದು ತೋರಿತು. ವರ್ಷದಿಂದ ವರ್ಷಕ್ಕೆ ಏರುತ್ತ ಬಂದ ಆ ಸಂಖ್ಯೆ ಈಗ 420ನ್ನು ದಾಟಿದೆ.

ಕ್ಯಾಲೆಂಡರರು 1964ರಲ್ಲಿ ತೀರಿಕೊಂಡರು. ಭೂಮಿಯ ತಾಪ ಕೆಲಕಾಲ ಏರದೆ ನಿಂತಿದ್ದ, ಇಂಗ್ಲೆಂಡು ಘೋರವಾದ ಚಳಿಗಾಲವೊಂದನ್ನು ಆಗತಾನೆ ಕಂಡಿದ್ದ ದಿನಗಳವು. ಪ್ರಬಂಧ ಮಂಡಿಸಿದ 75 ವರ್ಷಗಳ ತರುವಾಯ, 2013ರಲ್ಲಿ, ಇಬ್ಬರು ವಿಜ್ಞಾನಿಗಳು ಕ್ಯಾಲೆಂಡರರ ಕೈಲೆಕ್ಕದ ಉಷ್ಣಮಾನದ ರೇಖೆಯನ್ನು ಇಂದಿನ ಗಣಕಯಂತ್ರಗಳು ಎಳೆದ ರೇಖೆಯೊಡನೆ ಹೋಲಿಸಿ ನೋಡಿದರು. ಎರಡೂ ಬಹುಮಟ್ಟಿಗೆ ಒಂದಾಗಿಯೇ ಇದ್ದವು.